ಕೈ ಜೋಮು ಹಿಡಿಸೋ ಇಂಜಿನ್ನು: ಆ ನಡುಕ ಎಲ್ಲಿಂದ ಬರುತ್ತೆ?

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ಅಂತ ಗಾಡಿ ನಿಲ್ಸೋರನ್ನ ಗಮನಿಸಿ. ರಾಯಲ್ ಎನ್ಫೀಲ್ಡಿನ ಹಳೇ ಬುಲೆಟ್ಟಲ್ಲಿ ಬಂದೋರು ಇಳಿದ ತಕ್ಷಣ ಬೆರಳು ಮಡಚಿ ಬಿಚ್ಚಿ ಮಾಡ್ತಾರೆ, ಹೊಸ ಕ್ಲಾಸಿಕ್ಕಲ್ಲಿ ಬಂದೋರು ಸೀದಾ ಹೋಗಿ ಆರ್ಡರ್ ಕೊಡ್ತಾರೆ. ಎರಡೂ 350 ಸಿಸಿ, ಎರಡೂ ಒಂದೇ ಸಿಲಿಂಡರ್.

ಒಳಗೆ ಪೆಟ್ರೋಲ್ ಹೊತ್ತಿ ಒದೆಯುತ್ತಲ್ಲ, ಅದಕ್ಕೇ ಇಂಜಿನ್ ನಡುಗೋದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಐಡ್ಲಿಂಗಲ್ಲಿ ಗಾಡಿ ಧಡಧಡ ಅನ್ನೋದಕ್ಕೆ ಅದು ಕಾರಣ ಹೌದು. ಆದ್ರೆ ಹೊತ್ತಿದ ಗ್ಯಾಸು ಸಿಲಿಂಡರೊಳಗೆ ಓಡಾಡೋ ಪಿಸ್ಟನ್ನನ್ನ ಎಷ್ಟು ಬಲವಾಗಿ ಕೆಳಗೆ ತಳ್ಳುತ್ತೋ ಅಷ್ಟೇ ಬಲವಾಗಿ ಸಿಲಿಂಡರ್ ಹೆಡ್ಡನ್ನ, ಅಂದ್ರೆ ಸಿಲಿಂಡರಿನ ಮುಚ್ಚಳಾನ, ಮೇಲಕ್ಕೆ ತಳ್ಳುತ್ತೆ, ಆ ಮೇಲೆ ಕೆಳಗಿನ ಲೆಕ್ಕ ಇಂಜಿನ್ನೊಳಗೇ ಚುಕ್ತಾ. ಸ್ಪೀಡಲ್ಲಿ ಹ್ಯಾಂಡಲ್ಲಿಗೆ ಬರೋ ಜುಯ್ ಅನ್ನೋ ನಡುಕ ಬೇರೇದು, ಅದು ಪಿಸ್ಟನ್ನಿನ ತೂಕದ್ದು. ಪಿಸ್ಟನ್ ಮೇಲೆ ಹೋಗಿ ನಿಲ್ಬೇಕು, ವಾಪಸ್ ಕೆಳಗೆ ಬಂದು ನಿಲ್ಬೇಕು, ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟವನ್ನ ತಿರುಗಾಟ ಮಾಡೋ ಶಾಫ್ಟು) ಒಂದು ಸುತ್ತು ಹೊಡೆಯೋದ್ರೊಳಗೆ ಇಷ್ಟೂ ಆಗ್ಬೇಕು, ಅದನ್ನ ಪ್ರತಿ ಸಲ ಹಿಡಿದು ನಿಲ್ಸೋ ಜಗ್ಗಾಟವೇ ಬೇರಿಂಗಿನಿಂದ ಕ್ರ್ಯಾಂಕ್‌ಕೇಸಿಗೆ, ಅಲ್ಲಿಂದ ಚಾಸಿಗೆ, ಕೊನೆಗೆ ನಿಮ್ಮ ಕೈಗೆ ಬರೋದು.

ಎಷ್ಟು ಜಗ್ಗಾಟ ಅಂತ ಲೆಕ್ಕ ಹಾಕೋಣ. ಹಳೇ 350 ಬುಲೆಟ್ಟಿನ ಸ್ಟ್ರೋಕು, ಅಂದ್ರೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋ ದೂರ, 90 ಮಿ.ಮೀ. ಪಿಸ್ಟನ್ನು, ಪಿನ್ನು, ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡಿನ ಮೇಲ್ತುದಿ ಎಲ್ಲಾ ಸೇರಿ ಅರ್ಧ ಕೆಜಿ ಅಂತ ಇಟ್ಕೊಳ್ಳಿ. 5000 ಆರ್‌ಪಿಎಮ್‌ನಲ್ಲಿ, ಅಂದ್ರೆ ನಿಮಿಷಕ್ಕೆ 5000 ಸುತ್ತಲ್ಲಿ, ಆ ಅರ್ಧ ಕೆಜಿ ಸುಮಾರು 600 ಕೆಜಿ ಭಾರದಷ್ಟು ಬಲದಲ್ಲಿ ಮೇಲಕ್ಕೂ ಕೆಳಕ್ಕೂ ಎಳೆಯುತ್ತೆ, ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ! 2500ಕ್ಕೆ ಇಳಿಸಿದ್ರೆ ಅರ್ಧ ಆಗಲ್ಲ, ಕಾಲು ಭಾಗ ಆಗುತ್ತೆ. ಈ ಬಲ ಆರ್‌ಪಿಎಮ್‌ನ ವರ್ಗದ ಲೆಕ್ಕದಲ್ಲಿ ಏರುತ್ತೆ, ಇದೊಂದನ್ನ ನೆನಪಿಟ್ಕೊಳ್ಳಿ.

ಸರಿ, ಕ್ರ್ಯಾಂಕಿನ ಇನ್ನೊಂದು ಬದಿಗೆ ಅಷ್ಟೇ ತೂಕ ಹಾಕಿದ್ರೆ ಆಯ್ತಲ್ಲ ಅನ್ಸುತ್ತೆ. ಹಾಕ್ತಾರೆ, ಅದೇ ಕೌಂಟರ್‌ವೇಟು. ಆದ್ರೆ ಪಿಸ್ಟನ್ ಹೋಗೋದು ನೆಟ್ಟಗೆ ಮೇಲೆ ಕೆಳಗೆ, ಕೌಂಟರ್‌ವೇಟ್ ತಿರುಗೋದು ಸುತ್ತ. ಪಿಸ್ಟನ್ ತುದಿಯಲ್ಲಿದ್ದಾಗ ಇದು ಎದುರು ಬದಿಗೆ ಎಳೆದು ಸರಿ ಮಾಡುತ್ತೆ, ಕ್ರ್ಯಾಂಕು ಕಾಲು ಸುತ್ತು ತಿರುಗಿದಾಗ ಪಿಸ್ಟನ್ನಿನ ಎಳೆತ ಹೆಚ್ಚು ಕಮ್ಮಿ ಇಲ್ಲ, ಆದ್ರೆ ಕೌಂಟರ್‌ವೇಟ್ ಪೂರ್ತಿ ಬಲದಲ್ಲಿ ಪಕ್ಕಕ್ಕೆ ಎಳೀತಾ ಇರುತ್ತೆ, ತಡೆಯೋರು ಯಾರೂ ಇಲ್ಲ. ಅಂದ್ರೆ ಮೇಲೆ ಕೆಳಗಿನ ನಡುಕ ಹೋಗಿ ಅಡ್ಡಡ್ಡ ನಡುಕ ಬಂತು, ನಡುಕ ಮಾತ್ರ ಹಾಗೇ ಇದೆ. ಅದಕ್ಕೇ ಸಿಂಗಲ್ ಸಿಲಿಂಡರಲ್ಲಿ ಸುಮಾರು ಅರ್ಧದಷ್ಟನ್ನ ಮಾತ್ರ ಬ್ಯಾಲೆನ್ಸ್ ಮಾಡಿ ಮಿಕ್ಕಿದ್ದನ್ನ ಬಿಡ್ತಾರೆ.

ನನಗೆ ತುಂಬಾ ಚೆಂದ ಅನ್ಸೋದು ಇಲ್ಲಿಂದ ಮುಂದೆ. ಸರಿಯಾಗಿ ಅರ್ಧ ಬ್ಯಾಲೆನ್ಸ್ ಮಾಡಿದಾಗ ಉಳಿಯೋ ಬಲ ಕ್ರ್ಯಾಂಕಿಗೆ ಉಲ್ಟಾ ದಿಕ್ಕಲ್ಲಿ, ಅದೇ ವೇಗದಲ್ಲಿ, ಏರಿಳಿತ ಇಲ್ಲದೆ ಸುತ್ತುತ್ತೆ. ಹಂಗಾದ್ರೆ ಉಲ್ಟಾ ತಿರುಗೋ ಇನ್ನೊಂದು ಶಾಫ್ಟಿಗೆ ಒಂದು ತೂಕ ಕಟ್ಟಿ ಕ್ರ್ಯಾಂಕಿಗೆ ಗೇರಲ್ಲಿ ಜೋಡಿಸಿದ್ರೆ ಆ ಬಲ ಪೂರ್ತಿ ಹೋಯ್ತು. ಅದೇ ಬ್ಯಾಲೆನ್ಸರ್ ಶಾಫ್ಟು. 2021ರಲ್ಲಿ ಬಂದ 349 ಸಿಸಿ ಕ್ಲಾಸಿಕ್ಕಲ್ಲಿ ಅದು ಇದೆ, ಅದರ ಹಿಂದಿನ 346 ಸಿಸಿ ಇಂಜಿನ್ನಲ್ಲಿ ಇರ್ಲಿಲ್ಲ, ಕೊಟ್ಟಿಗೆಹಾರದಲ್ಲಿ ಬೆರಳು ಮಡಚೋದಕ್ಕೂ ಮಡಚದೇ ಇರೋದಕ್ಕೂ ಮುಖ್ಯ ವ್ಯತ್ಯಾಸ ಇದೇ.

ಇಷ್ಟಾದ್ರೂ ಸ್ವಲ್ಪ ಉಳಿಯುತ್ತೆ. ಕನೆಕ್ಟಿಂಗ್ ರಾಡು ಓರೆ ಆಗ್ತಾ ಹೋಗೋದ್ರಿಂದ ಪಿಸ್ಟನ್ನು ಮೇಲಿನ ಅರ್ಧ ದಾರೀನ ಬೇಗ, ಕೆಳಗಿನ ಅರ್ಧಾನ ನಿಧಾನವಾಗಿ ದಾಟುತ್ತೆ, ಇದ್ರಿಂದ ಕ್ರ್ಯಾಂಕಿನ ಎರಡರಷ್ಟು ವೇಗದ ಇನ್ನೊಂದು ನಡುಕ ಹುಟ್ಟುತ್ತೆ. ಸಾಲಾಗಿ ನಾಲ್ಕು ಸಿಲಿಂಡರ್ ಇರೋ ಇಂಜಿನ್ನಲ್ಲಿ ಮೊದಲನೇ ನಡುಕ ತಾನಾಗೇ ಹೋಗುತ್ತೆ, ಎರಡು ಮೇಲೆ ಹೋದಾಗ ಎರಡು ಕೆಳಗೆ, ಆದ್ರೆ ಈ ಎರಡನೇದು ನಾಲ್ಕೂ ಸೇರಿ ಒಟ್ಟಾಗುತ್ತೆ. ಅದಕ್ಕೆ ಎರಡರಷ್ಟು ವೇಗದಲ್ಲಿ ತಿರುಗೋ ಜೋಡಿ ಶಾಫ್ಟಿನ ಉಪಾಯ ಕೊಟ್ಟಿದ್ದು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್, ಅದೂ 20ನೇ ಶತಮಾನದ ಶುರುವಲ್ಲೇ. 1970ರ ದಶಕದಲ್ಲಿ ಮಿತ್ಸುಬಿಶಿ ಅದನ್ನ ಮತ್ತೆ ಚಾಲ್ತಿಗೆ ತಂತು, ಪೋರ್ಶೆಯವರು ತಮ್ಮ 944 ಕಾರಿಗೆ ಮಿತ್ಸುಬಿಶಿ ಹತ್ರಾನೇ ಲೈಸೆನ್ಸ್ ತಗೊಂಡ್ರು. ಸಾಲಾಗಿ ಆರು ಸಿಲಿಂಡರ್ ಇದ್ರೆ ಎರಡೂ ನಡುಕ ತಾನಾಗೇ ಮಾಯ.

ಬೈಕು ಕಾರಿನ ಕಥೆ ಬಿಡಿ, ನಡುಕ ಕಮ್ಮಿ ಆಗ್ಲೇಬೇಕಾಗಿರೋದು ನಮ್ಮ ತೋಟಗಳಲ್ಲಿ. ಮೂಡಿಗೆರೆ ಸಕಲೇಶಪುರದ ಕಡೆ ಮಳೆ ಬಿಟ್ಟ ಕೂಡ್ಲೇ ಗುಡ್ಡದ ತುಂಬಾ ವೀಡ್ ಕಟರ್ ಸದ್ದು. 35 ಸಿಸಿ, 7000 ಆರ್‌ಪಿಎಮ್, ಬ್ಯಾಲೆನ್ಸರ್ ಶಾಫ್ಟ್ ಇಡೋಕೆ ಅದ್ರಲ್ಲಿ ಜಾಗಾನೂ ಇಲ್ಲ, ತೂಕಾನೂ ತಡಿಯಲ್ಲ. ಉಳಿದ ನಡುಕದಲ್ಲಿ ಒಂದಿಷ್ಟನ್ನ ರಬ್ಬರು ತಿನ್ನುತ್ತೆ, ಮಿಕ್ಕಿದ್ದನ್ನ ಹಿಡ್ಕೊಂಡೋನ ಕೈ ತಿನ್ನುತ್ತೆ. 1918ರಲ್ಲಿ ಅಮೆರಿಕದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಸುಣ್ಣಕಲ್ಲು ಕೆತ್ತೋರ ಕೈ ಪರೀಕ್ಷೆ ಮಾಡಿದ್ರು: ಗಾಳಿ ಒತ್ತಡದ ಸುತ್ತಿಗೆ ಹಿಡಿದು ಹಿಡಿದು, ಚಳಿಯಲ್ಲಿ ಅವರ ಬೆರಳು ರಕ್ತ ಹರೀದೇ ಬೆಳ್ಳಗಾಗ್ತಿತ್ತು. ವರ್ಷಗಟ್ಲೆ ಹಂಗೇ ಮುಂದುವರಿದ್ರೆ ನರಗಳ ಹಾನಿ ವಾಪಸ್ ಸರಿಯಾಗದೇನೂ ಇರಬಹುದು. ಯುರೋಪಲ್ಲಿ ಕಾರ್ಮಿಕರ ಕೈಗೆ ದಿನಕ್ಕೆ ಎಷ್ಟು ನಡುಕ ತಾಗ್ಬಹುದು ಅಂತ 2002ರ ನಿರ್ದೇಶನವೇ ಇದೆ. ನಮ್ಮಲ್ಲಿ ಎಷ್ಟೋ ತೋಟದಲ್ಲಿ ಕೈ ಜೋಮು ಅಂದ್ರೆ ಎಣ್ಣೆ ಹಚ್ಕೋ ಅಂತಾರೆ, ಅದು ಸಾಕಾಗಲ್ಲ.

ಬ್ಲೇಡ್ ಒಂದು ಕಡೆ ಮುರಿದಿದ್ರೆ ಬದಲಾಯಿಸಿ, ಒಂದೇ ಬದಿ ಮಸೀಬೇಡಿ, ಆ ಚೂರು ತೂಕದ ವ್ಯತ್ಯಾಸಕ್ಕೂ ಅದೇ ವರ್ಗದ ಲೆಕ್ಕ. ಗಟ್ಟಿಯಾದ, ಸೀಳಿದ ರಬ್ಬರ್ ಬುಷ್ ತೆಗೆದು ಹೊಸದು ಹಾಕ್ಸಿ, ಅದಕ್ಕೆ ದುಡ್ಡು ಉಳಿಸ್ಬೇಡಿ. ಮಧ್ಯೆ ಮಧ್ಯೆ ಆಳು ಬದಲಾಯಿಸಿ. ಎಳೇ ಹುಲ್ಲಿಗೆ ಫುಲ್ ಥ್ರಾಟಲ್ ಬೇಡ, 7000ದಿಂದ 6000ಕ್ಕೆ ಇಳಿಸಿದ್ರೇನೇ ಪಿಸ್ಟನ್ನಿನ ಎಳೆತ ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ ಆಗುತ್ತೆ.