ಸದ್ದು ಎಲ್ಲಿಗೆ ಹೋಗುತ್ತಿದೆ?

ಪರಿಚಯದವರೊಬ್ಬರು ತಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಸದ್ದೇ ಬರುತ್ತಿಲ್ಲವೆಂದು ನನ್ನನ್ನು ಕರೆಸಿದ್ದರು. ನಾನು ಹೋಗುವ ವೇಳೆಗೆ ಅವರು ಇಡೀ ಆಪರೇಟಿಂಗ್ ಸಿಸ್ಟಮನ್ನು ಎರಡು ಬಾರಿ ಅಳಿಸಿ ಹೊಸದಾಗಿ ಹಾಕಿದ್ದರು, ಮೂರನೆಯ ಸಲಕ್ಕೆ ಬೇರೊಂದು ಡಿಸ್ಟ್ರೊ (ಲಿನಕ್ಸಿನ ಇನ್ನೊಂದು ಬಗೆ) ಇಳಿಸಿಕೊಳ್ಳುತ್ತಿದ್ದರು. ಒಂದು ಹಾಡು ಹಾಕಿಸಿ ವಾಲ್ಯೂಮ್ ಕಿಟಕಿ ತೆರೆದೆ. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಹಾಡಿನ ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು. ಸದ್ದು ಹೊರಟಿತ್ತು, ಎಚ್‌ಡಿಎಂಐ ಕೇಬಲ್ ಹಿಡಿದು ನೇರವಾಗಿ ಮಾನಿಟರಿಗೆ ಹೋಗುತ್ತಿತ್ತು. ಆ ಮಾನಿಟರಿಗೆ ಸ್ಪೀಕರೇ ಇರಲಿಲ್ಲ.

ಗ್ರಾಫಿಕ್ಸ್ ಕಾರ್ಡಿಗೂ ತನ್ನದೇ ಆದ ಧ್ವನಿ ಸಾಧನವಿರುತ್ತದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಲಿನಕ್ಸಿನ ಕಣ್ಣಿಗೆ ಅದು ಮದರ್‌ಬೋರ್ಡಿನ ಸೌಂಡ್ ಕಾರ್ಡಿನಷ್ಟೇ ಅರ್ಹ ಅಭ್ಯರ್ಥಿ. ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಮಾನಿಟರ್ ಆರಿಸಿ ಹಚ್ಚಿದಾಗಲೆಲ್ಲ ಅದು ಮತ್ತೆ ಮುಂದೆ ಬರುವುದಾದರೆ, ಪಾವುಕಂಟ್ರೋಲ್ (pavucontrol) ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡು, ಅದರ ಕಾನ್ಫಿಗರೇಶನ್ ಪುಟದಲ್ಲಿ ಎಚ್‌ಡಿಎಂಐ ಸಾಧನದ ಪ್ರೊಫೈಲನ್ನೇ ಆಫ್ ಮಾಡಿಬಿಡಿ. ಅದೇ ಪುಟದಲ್ಲಿ ನಿಮಗೆ ಬೇಕಾದ ಕಾರ್ಡಿನ ಪ್ರೊಫೈಲ್ ಆಫ್ ಆಗಿ ಕುಳಿತಿದೆಯೇ ಎಂದೂ ನೋಡಿ. ಅಂಥದ್ದನ್ನೂ ಎಷ್ಟೋ ಬಾರಿ ಕಂಡಿದ್ದೇನೆ.

ಹಾಗಾಗಿ ನಾನು ಮೊದಲು ನೋಡುವುದು ಆ ಕುಣಿಯುವ ಪಟ್ಟಿಯನ್ನು. ಅದು ಕುಣಿಯುತ್ತಿದ್ದರೆ ಹಾಡು ನುಡಿಸುವ ತಂತ್ರಾಂಶವೂ ಅದರ ಕೆಳಗಿನ ಸೌಂಡ್ ಸರ್ವರೂ ತಮ್ಮ ಕೆಲಸ ಮಾಡುತ್ತಿವೆ, ತೊಡಕು ಅವುಗಳಿಂದ ಆಚೆಗಿದೆ. ಪಟ್ಟಿ ಸತ್ತಂತೆ ಬಿದ್ದಿದ್ದರೆ ತಂತ್ರಾಂಶದೊಳಗೇ ಮ್ಯೂಟ್ ಆಗಿದೆಯೇ ನೋಡಬೇಕು. ಬ್ರೌಸರಿನ ಒಂದೇ ಒಂದು ಟ್ಯಾಬ್ ಮ್ಯೂಟ್ ಆಗಿದ್ದಕ್ಕೆ ಸೌಂಡ್ ಕಾರ್ಡ್ ಕೊಳ್ಳಲು ಹೊರಟವರೂ ಇದ್ದಾರೆ.

ಲಿನಕ್ಸಿನಲ್ಲಿ ಸದ್ದು ಇಳಿದುಬರುವ ದಾರಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎಲ್ಲಕ್ಕಿಂತ ಕೆಳಗೆ, ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಇರುವುದು ಆಲ್ಸಾ ಎಂಬ ಧ್ವನಿ ವ್ಯವಸ್ಥೆ. ಕಾರ್ಡಿನ ಚಾಲಕ ತಂತ್ರಾಂಶಗಳೆಲ್ಲ ಅದರವು. 2003ರ ಕೊನೆಯಲ್ಲಿ ಬಂದ 2.6 ಕರ್ನಲ್ಲಿನಿಂದ ಆಲ್ಸಾ ಆ ಜಾಗದಲ್ಲಿದೆ. ಅದರ ಮೇಲೆ ಕುಳಿತು, ನಾಲ್ಕಾರು ತಂತ್ರಾಂಶಗಳ ಸದ್ದನ್ನು ಬೆರೆಸಿ ಯಾವ ಸಾಧನಕ್ಕೆ ಕಳುಹಿಸಬೇಕೆಂದು ನಿರ್ಧರಿಸುವುದು ಸೌಂಡ್ ಸರ್ವರ್. ಫೆಡೊರಾ ಎಂಬ ಡಿಸ್ಟ್ರೊದ 2007ರ 8ನೆಯ ಆವೃತ್ತಿಯ ಹೊತ್ತಿಗೆ ಆ ಕೆಲಸಕ್ಕೆ ಪಲ್ಸ್‌ಆಡಿಯೊ ಬಂದಿತ್ತು. 2021ರಲ್ಲಿ ಫೆಡೊರಾ 34 ಆ ಜಾಗವನ್ನು ಪೈಪ್‌ವೈರ್‌ಗೆ ಕೊಟ್ಟಿತು, ಮರುವರ್ಷ ಉಬುಂಟು 22.10 ಕೂಡ ಅದನ್ನೇ ಒಪ್ಪಿಕೊಂಡಿತು. ಪೈಪ್‌ವೈರ್ ಹಳೆಯ ಪಲ್ಸ್‌ಆಡಿಯೊದ ಭಾಷೆಯಲ್ಲೇ ಉತ್ತರ ಕೊಡಬಲ್ಲದು. ಪಲ್ಸ್‌ಆಡಿಯೊಗೆಂದು ಬರೆದ ಪಾವುಕಂಟ್ರೋಲ್ ಇಂದಿಗೂ ನಡೆಯುವುದು ಅದರಿಂದಲೇ.

ಗೊಂದಲ ಹುಟ್ಟುವುದೂ ಅಲ್ಲಿಂದಲೇ. ಹತ್ತು ವರ್ಷದ ಹಿಂದಿನ ಸಲಹೆಯೊಂದನ್ನು ಎಲ್ಲಿಂದಲೋ ನಕಲು ಮಾಡಿ ತಂದು, ಕಮಾಂಡ್ ಟೈಪಿಸುವ ಟರ್ಮಿನಲ್ಲಿಗೆ ಸುರಿದರೆ, ಪೈಪ್‌ವೈರ್ ಇರುವ ಕಂಪ್ಯೂಟರಿಗೆ ಪಲ್ಸ್‌ಆಡಿಯೊವನ್ನೂ ತಂದು ಕೂರಿಸಿದಂತಾಗುತ್ತದೆ. ಆಮೇಲೆ ಎರಡೂ ಒಂದೇ ಕಾರ್ಡಿಗಾಗಿ ಕಿತ್ತಾಡುತ್ತವೆ. ಪ್ಯಾಕೇಜುಗಳನ್ನು ಕಿತ್ತುಹಾಕುವ ಸಲಹೆಯಂತೂ ಇನ್ನೂ ಅಪಾಯ. ಯಾವುದರ ಜೊತೆಗೆ ಏನೇನು ಹೋಗುತ್ತದೆಂದು ಪರದೆಯ ಮೇಲೆ ಬರುವ ಪಟ್ಟಿಯನ್ನು ಓದದೆ ಒಪ್ಪಿಗೆ ಕೊಟ್ಟು, ಡೆಸ್ಕ್‌ಟಾಪನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ.

ಔಟ್‌ಪುಟ್ ಪಟ್ಟಿಯಲ್ಲಿ ‘ಡಮ್ಮಿ ಔಟ್‌ಪುಟ್’ ಎಂದಷ್ಟೇ ಕಂಡರೆ ಅದರರ್ಥ ಸ್ಪಷ್ಟ: ಸರ್ವರ್ ಎದ್ದು ಕುಳಿತಿದೆ, ಆದರೆ ಅದಕ್ಕೆ ಬಳಸಲು ಬರುವ ಕಾರ್ಡು ಒಂದೂ ಸಿಕ್ಕಿಲ್ಲ. ಈಗ ಒಂದು ಮೆಟ್ಟಿಲು ಇಳಿಯಬೇಕು. ಎಪ್ಲೇ ಎಂಬ ಕಮಾಂಡಿನ ನಂತರ ಅಡ್ಡಗೆರೆ ಹಾಕಿ ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಸೇರಿಸಿದರೆ (aplay -l) ಆಲ್ಸಾಗೆ ಗೊತ್ತಿರುವ ಕಾರ್ಡುಗಳ ಪಟ್ಟಿ ಬರುತ್ತದೆ. ಅಲ್ಲೂ ಖಾಲಿಯಿದ್ದರೆ ಪೈಪ್‌ವೈರನ್ನು ಬಯ್ದು ಫಲವಿಲ್ಲ. ಕಂಪ್ಯೂಟರ್ ಏಳುವಾಗಲೇ ತೆರೆಯುವ ಬಯಾಸ್ ಸೆಟ್ಟಿಂಗ್ಸ್‌ನಲ್ಲಿ ಆನ್‌ಬೋರ್ಡ್ ಆಡಿಯೊ ಮುಚ್ಚಿದೆಯೇ, ಕರ್ನಲ್ಲಿನ ಲಾಗ್‌ನಲ್ಲಿ ಫರ್ಮ್‌ವೇರ್ (ಚಿಪ್ಪಿನೊಳಗೆ ನಡೆಯುವ ತಂತ್ರಾಂಶ) ಸಿಗಲಿಲ್ಲವೆಂಬ ದೂರು ಇದೆಯೇ ನೋಡಿ. ಇಂಟೆಲ್‌ನ ಹೊಸ ಲ್ಯಾಪ್‌ಟಾಪುಗಳಲ್ಲಿ ಎಸ್‌ಒಎಫ್ (ಸೌಂಡ್ ಓಪನ್ ಫರ್ಮ್‌ವೇರ್) ಪ್ಯಾಕೇಜ್ ಹಾಕದ ಕಾರಣಕ್ಕೇ ಕಾರ್ಡು ಕಾಣಿಸದಿರುವುದುಂಟು.

ಪಟ್ಟಿಯಲ್ಲಿ ಕಾರ್ಡು ಇದ್ದೂ ಸರ್ವರಿಗೆ ಕಾಣದಿದ್ದರೆ ಪೈಪ್‌ವೈರ್, ಪೈಪ್‌ವೈರ್-ಪಲ್ಸ್, ವೈರ್‌ಪ್ಲಂಬರ್ ಈ ಮೂರೂ ಸೇವೆಗಳನ್ನು ಲಿನಕ್ಸಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ (systemd) ಮೂಲಕ ಮತ್ತೆ ಶುರುಮಾಡಿ. ಕಮಾಂಡನ್ನು ರೂಟ್ ಎಂಬ ಮೇಲ್ವಿಚಾರಕನ ಹೆಸರಿನಲ್ಲಿ ನಡೆಸುವ ಸುಡೊ ಹಾಕಬೇಡಿ. ಇವು ಲಾಗಿನ್ ಆದ ಬಳಕೆದಾರನ ಸೇವೆಗಳು, ಆದ್ದರಿಂದ ಕಮಾಂಡಿನಲ್ಲಿ ಯೂಸರ್ (--user) ಎಂಬ ಆಯ್ಕೆ ಇರಬೇಕು. ಸದ್ದಿಗೆ ಸಂಬಂಧಿಸಿದ್ದನ್ನೆಲ್ಲ ರೂಟ್ ಆಗಿ ನಡೆಸಿದರೆ ಹೋಮ್ ಫೋಲ್ಡರಿನಲ್ಲಿ ರೂಟ್ ಒಡೆತನದ ಕಡತಗಳು ಉಳಿದುಹೋಗಿ, ಮರುದಿನ ಹೊಸ ತಲೆನೋವು ಶುರುವಾಗಬಹುದು.

ಎಲ್ಲ ಸರಿಯಿದ್ದು, ಔಟ್‌ಪುಟ್ಟೂ ಸರಿಯಾಗಿದ್ದು, ಪಟ್ಟಿಯೂ ಕುಣಿಯುತ್ತಿದ್ದು ಸ್ಪೀಕರ್ ಮಾತ್ರ ಮೌನವಾಗಿದ್ದರೆ? ನನಗೆ ಇಷ್ಟವಾದ ಜಾಗ ಇದು. ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಿ. ಮೊದಲು ಕಾಣುವುದು ಸರ್ವರಿನ ಮುಖವಾಡವಷ್ಟೇ, ಅದರಲ್ಲಿ ಒಂದೇ ಒಂದು ಕಂಬ ಇರುತ್ತದೆ. ಕಾರ್ಡಿನೊಳಗೆ ಮಾಸ್ಟರ್, ಹೆಡ್‌ಫೋನ್, ಫ್ರಂಟ್ ಎಂದು ಸಾಲು ಕಂಬಗಳಿರುತ್ತವೆ. ಯಾವುದರ ಬುಡದಲ್ಲಿ ಎರಡು ಎಂ ಅಕ್ಷರಗಳಿವೆಯೋ ಅದು ಮ್ಯೂಟ್ ಆಗಿದೆ, ಎಂ ಕೀಲಿ ಒತ್ತಿದರೆ ತೆರೆದುಕೊಳ್ಳುತ್ತದೆ. ಬಲಕ್ಕೆ ಸರಿಯುತ್ತಾ ಹೋದರೆ ಹಲವು ಕಾರ್ಡುಗಳಲ್ಲಿ ಆಟೊ-ಮ್ಯೂಟ್ ಎಂಬ ಆಯ್ಕೆ ಸಿಗುತ್ತದೆ. ಕ್ಯಾಬಿನೆಟ್ಟಿನ ಮುಂದೆ ಹೆಡ್‌ಫೋನ್ ಚುಚ್ಚಿದಾಗ ಹಿಂದಿನ ಸ್ಪೀಕರನ್ನು ತಾನಾಗಿ ಸುಮ್ಮನಾಗಿಸುವುದು ಅದರ ಕೆಲಸ.

ಒಮ್ಮೆ ಈ ಆಟೊ-ಮ್ಯೂಟ್ ನನ್ನ ಅರ್ಧ ದಿನ ತಿಂದಿತ್ತು. ಮುಂದಿನ ಜ್ಯಾಕ್ ಖಾಲಿಯಿತ್ತು, ಆದರೂ ಕಾರ್ಡಿನ ಪಾಲಿಗೆ ಅಲ್ಲಿ ಹೆಡ್‌ಫೋನ್ ಇತ್ತು. ಪಾವುಕಂಟ್ರೋಲ್‌ನ ಔಟ್‌ಪುಟ್ ಪುಟದಲ್ಲಿ ಪ್ರತಿಯೊಂದು ಪೋರ್ಟಿನ ಪಕ್ಕದಲ್ಲೂ ಅದಕ್ಕೆ ಏನಾದರೂ ಸಿಕ್ಕಿಸಿದೆಯೇ ಇಲ್ಲವೇ ಎಂದು ಬರೆದಿರುತ್ತದೆ. ಅದನ್ನು ಮೊದಲೇ ಓದಿದ್ದರೆ ಹತ್ತು ನಿಮಿಷದ ಕೆಲಸ. ಓದಲಿಲ್ಲ. ಕೊನೆಗೆ ಕ್ಯಾಬಿನೆಟ್ ಬಿಚ್ಚಿದಾಗ ಕಂಡದ್ದು, ಎಸಿ97 ಎಂಬ ಹಳೆಯ ಧ್ವನಿ ಮಾನದಂಡದ ಮುಂಭಾಗದ ತಂತಿಯನ್ನು ಮದರ್‌ಬೋರ್ಡಿನಲ್ಲಿದ್ದ, ಅದರ ನಂತರದ ಮಾನದಂಡವಾದ ಎಚ್‌ಡಿ ಆಡಿಯೊ ಪಿನ್ನುಗಳಿಗೆ ಯಾರೋ ಸಿಕ್ಕಿಸಿದ್ದರು. ಜ್ಯಾಕಿಗೆ ಏನಾದರೂ ಚುಚ್ಚಿದೆಯೇ ಎಂದು ತಿಳಿಸುವ ವ್ಯವಸ್ಥೆ ಆ ಹಳೆಯ ತಂತಿಯಲ್ಲಿ ಇರುವುದಿಲ್ಲ. ತಂತಿ ಕಿತ್ತೆ, ಸ್ಪೀಕರ್ ಮಾತಾಡಿತು. ಕ್ಯಾಬಿನೆಟ್ ಬಿಚ್ಚಲು ಮನಸ್ಸಿಲ್ಲದಿದ್ದರೆ ಆಟೊ-ಮ್ಯೂಟ್ ಅನ್ನು ಡಿಸೇಬಲ್ಡ್ ಮಾಡಿದರೂ ಸಾಕಿತ್ತು.

ಹಸಿರು ಜ್ಯಾಕ್, ಸ್ಪೀಕರಿನ ಸ್ವಿಚ್ಚು, ಸಡಿಲವಾದ ಪಿನ್ನು: ಇವನ್ನು ನೀವಾಗಲೇ ನೋಡಿರುತ್ತೀರಿ. ನೋಡಿಲ್ಲದಿದ್ದರೆ ನೋಡಿ ಬನ್ನಿ, ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ನಿನ್ನೆಯವರೆಗೆ ಚೆನ್ನಾಗಿದ್ದು ಅಪ್‌ಡೇಟ್ ಆದ ಮೇಲೆ ಸದ್ದು ನಿಂತಿದ್ದರೆ, ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ಲನ್ನು ಆರಿಸಿ ನೋಡಿ. ಅದರಲ್ಲಿ ಸದ್ದು ಬಂದರೆ ತಪ್ಪು ನಿಮ್ಮ ಸೆಟ್ಟಿಂಗಿನದ್ದಲ್ಲ. ಮುಂದಿನ ಕರ್ನಲ್ ಬರುವವರೆಗೆ ಹಳೆಯದರಲ್ಲೇ ಇದ್ದುಬಿಡಿ, ಡಿಸ್ಟ್ರೊದವರಿಗೆ ಬಗ್ ವರದಿ ಕಳುಹಿಸಿ. ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಕೂಡ ಇದ್ದರೆ ಇನ್ನೊಂದು ಚೋದ್ಯವುಂಟು: ವಿಂಡೋಸಿನಿಂದ ನೇರವಾಗಿ ರೀಸ್ಟಾರ್ಟ್ ಮಾಡಿ ಲಿನಕ್ಸಿಗೆ ಬಂದಾಗ ಧ್ವನಿ ಚಿಪ್ಪು ಕೆಲವೊಮ್ಮೆ ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲೇ ಮರಗಟ್ಟಿರುತ್ತದೆ. ಪೂರ್ತಿ ಶಟ್‌ಡೌನ್ ಮಾಡಿ, ವಿದ್ಯುತ್ ತಂತಿಯನ್ನೂ ಕಿತ್ತು, ಒಂದು ನಿಮಿಷ ಬಿಟ್ಟು ಹಚ್ಚಿ. ಹೊಸದಾಗಿ ಇನ್‌ಸ್ಟಾಲ್ ಮಾಡಲೇಬೇಕೆಂದು ಕೈ ತುರಿಸುತ್ತಿದ್ದರೆ ಮೊದಲು ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ನಡೆಸುವ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಒಂದು ಹಾಡು ಕೇಳಿ. ಅಲ್ಲೂ ಸದ್ದಿಲ್ಲದಿದ್ದರೆ, ಅದೇ ಯುಎಸ್‌ಬಿಯಿಂದ ಇನ್‌ಸ್ಟಾಲ್ ಮಾಡಿದ ಮೇಲೂ ಬರುವುದು ಅನುಮಾನವೇ.