ಕರಾವಳಿಯ ಸೆಪ್ಟೆಂಬರ್–ಅಕ್ಟೋಬರ್ ಮುನ್ಸೂಚನೆ: ‘ವಾಡಿಕೆ’ ಎಂಬ ಒಂದು ಪದ, ಮೂರು ಅರ್ಥ

ಮೊದಲು ಗಡಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಕರಾವಳಿ ಕರ್ನಾಟಕ’ ಅಂದರೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಮೂರೂ ಜಿಲ್ಲೆ ಪೂರ್ತಿ. ಹಾಗಾಗಿ ಘಟ್ಟದ ಮೇಲಿನ ಶಿರಸಿ ಮಾತ್ರವಲ್ಲ, ಮುಂಡಗೋಡವೂ ‘ಕರಾವಳಿ’! ಆಗುಂಬೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದರಿಂದ ದಕ್ಷಿಣ ಒಳನಾಡು. ಆಗುಂಬೆ ಘಟ್ಟದ ಬುಡದಲ್ಲಿ, ಉಡುಪಿ ಜಿಲ್ಲೆಯಲ್ಲಿರುವ ಹೆಬ್ರಿ, ಸೋಮೇಶ್ವರದ ಕಡೆಯವರು ಘಟ್ಟದ ಮಳೆ ತಿಳಿಯಬೇಕಿದ್ದರೆ ಎರಡೂ ವಿಭಾಗದ ಸಾಲು ಓದಬೇಕು.

ಮುಂಗಾರಿನ ಖಾತೆ ಜೂನ್ 1ಕ್ಕೆ ತೆರೆದು ಸೆಪ್ಟೆಂಬರ್ 30ಕ್ಕೆ ಮುಚ್ಚುತ್ತದೆ. ಹಸ್ತದ ಮಳೆ ಇನ್ನೂ ಸುರಿಯುತ್ತಿರುವಾಗಲೇ ಇಲಾಖೆ ಹೊಸ ಪುಟ ತಿರುವಿರುತ್ತದೆ. ಸೆಪ್ಟೆಂಬರ್ ನಡುವೆ ‘ಮುಂಗಾರು ಮರಳಲು ಶುರು’ ಎಂದು ಸುದ್ದಿ ಬಂದರೆ ಅದು ವಾಯವ್ಯ ರಾಜಸ್ಥಾನದ ಮಾತು (ಅಲ್ಲಿನ ವಾಡಿಕೆ ದಿನ ಸೆಪ್ಟೆಂಬರ್ 17). ಇಡೀ ದೇಶದಿಂದ ಹಿಂದೆ ಸರಿಯುವುದು ಅಕ್ಟೋಬರ್ 15ರ ಸುಮಾರಿಗೆ. ಆ ಸುದ್ದಿ ನಂಬಿ ಅಂಗಳಕ್ಕೆ ಅಡಿಕೆ ಹರವಬೇಡಿ.

ಈಗ ತಲೆ ಕೆಡಿಸುವ ಭಾಗ. ತಿಂಗಳ ಮುನ್ಸೂಚನೆಯ ನಕ್ಷೆಯಲ್ಲಿ ಕರಾವಳಿಗೆ ‘ವಾಡಿಕೆಗಿಂತ ಹೆಚ್ಚು – 45%’ ಎಂದಿದೆ ಅನ್ನಿ. ಹೆಚ್ಚಿನವರು ಇದನ್ನು ‘45% ಹೆಚ್ಚು ಮಳೆ’ ಎಂದು ಓದುತ್ತಾರೆ. ಅಲ್ಲವೇ ಅಲ್ಲ. 30 ವರ್ಷಗಳ ಸೆಪ್ಟೆಂಬರ್ ಮಳೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ. ಮೊದಲ 10 ‘ಕಡಿಮೆ’, ನಡುವಿನ 10 ‘ವಾಡಿಕೆ’, ಕೊನೆಯ 10 ‘ಹೆಚ್ಚು’. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹೇಳಿದರೂ ಪ್ರತಿ ಗುಂಪಿಗೆ 33% ಸಿಗುತ್ತದೆ. ಹಾಗಾಗಿ 45%ವನ್ನು ಸೊನ್ನೆಯಿಂದ ಅಳೆಯಬಾರದು, 33ರಿಂದ ಅಳೆಯಬೇಕು: ತಕ್ಕಡಿ ‘ಹೆಚ್ಚು’ ಕಡೆಗೆ ಸ್ವಲ್ಪ ವಾಲಿದೆ, ಅಷ್ಟೆ. ಉಳಿದ 55% ಮಿಕ್ಕೆರಡು ಗುಂಪುಗಳಿಗೇ ಹೋಗಿದೆ. ಎಷ್ಟು ಮಿಲಿಮೀಟರ್ ಎಂಬುದರ ಬಗ್ಗೆ ಆ ನಕ್ಷೆ ಬಾಯೇ ಬಿಡುವುದಿಲ್ಲ.

ಅದೇ ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ ಇನ್ನೊಂದು ಹಳ್ಳ. ಬಿಳಿ ಅಂದರೆ ‘ವಾಡಿಕೆ ಮಳೆ’ ಅಲ್ಲ, ಮೂರೂ ಗುಂಪಿಗೆ ಸಮಪಾಲು. ಅಂದರೆ ಮಳೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಯಾವ ಕಡೆಗೂ ಕೈ ತೋರಿಸಿಲ್ಲ.

ವಾರದ ವರದಿಗೆ ಬಂದರೆ ‘ವಾಡಿಕೆ’ಯ ಅರ್ಥವೇ ಬೇರೆ. ಅಲ್ಲಿ ಸರಾಸರಿಗಿಂತ 19% ಹೆಚ್ಚು ಅಥವಾ ಕಡಿಮೆಯೊಳಗೆ ಇದ್ದರೆ ವಾಡಿಕೆ. 20ರಿಂದ 59% ಕಡಿಮೆಯಾದರೆ ಕೊರತೆ. 60% ಮುಟ್ಟಿದರೆ ತೀವ್ರ ಕೊರತೆ. ಇಡೀ ದೇಶದ ಸೆಪ್ಟೆಂಬರ್ ಮುನ್ಸೂಚನೆಯಲ್ಲಿ ಮೂರನೇ ಅರ್ಥ: ದೀರ್ಘಾವಧಿ ಸರಾಸರಿಯಾದ 167.9 ಮಿ.ಮೀ.ನ 91ರಿಂದ 109%. ಒಂದೇ ಪದ, ಮೂರು ಅಳತೆಗೋಲು. ಯಾವ ಕಾಗದ ಕೈಯಲ್ಲಿದೆ ಎಂದು ನೋಡಿಕೊಂಡೇ ಓದಬೇಕು. ಇನ್ನೊಂದು ಸೂಕ್ಷ್ಮ: ಜುಲೈಗೆ ಹೋಲಿಸಿದರೆ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಸರಾಸರಿಯೇ ಬಹಳ ಇಳಿದಿರುತ್ತದೆ. ಆದ್ದರಿಂದ ಒಂದು ದಿನ ಜಡಿಮಳೆ ಹೊಡೆದರೆ ವಾರದ ಶೇಕಡಾವಾರು ಚಿಮ್ಮಿಬಿಡುತ್ತದೆ. ಅದರಿಂದ ಬಾವಿ ತುಂಬಿತು ಎಂದೇನಲ್ಲ.

ದಿನದ ಮುನ್ಸೂಚನೆ: ‘ಹಲವು ಕಡೆ ಹಗುರದಿಂದ ಸಾಧಾರಣ ಮಳೆ, ಒಂದೆರಡು ಕಡೆ ಭಾರೀ ಮಳೆ.’ ಇದರಲ್ಲಿ ‘ಕಡೆ’ ಎನ್ನುವುದು ಹರವು. ಒಂದೆರಡು ಕಡೆ ಅಂದರೆ 25%ವರೆಗಿನ ಮಳೆಮಾಪನ ಕೇಂದ್ರಗಳು, ಕೆಲವು ಕಡೆ 26–50, ಹಲವು ಕಡೆ 51–75, ಬಹುತೇಕ ಕಡೆ 76ರ ಮೇಲೆ. ಭಾರೀ, ಅತಿ ಭಾರೀ ಎನ್ನುವುದು ಪ್ರಮಾಣ: ಭಾರೀ 64.5 ಮಿ.ಮೀ.ನಿಂದ, ಅತಿ ಭಾರೀ 115.6ರಿಂದ, 204.4 ದಾಟಿದರೆ ಅತ್ಯಂತ ಭಾರೀ. ಹರವು ಮತ್ತು ಪ್ರಮಾಣವನ್ನು ಕಲಸಿದರೆ ‘ಭಾರೀ ಅಂದಿದ್ದರು, ನಮ್ಮಲ್ಲಿ ಹನಿಯೂ ಬೀಳಲಿಲ್ಲ’ ಎಂಬ ಗೊಣಗು ಶುರು.

ಎಲ್ಲ ಅಂಕಿಗಳೂ ಬೆಳಗ್ಗೆ 8:30ರಿಂದ ಮರುದಿನ 8:30ರವರೆಗಿನವು. 14ರ ಸಂಜೆ 4ಕ್ಕೆ ಸುರಿದ ಮಳೆ ಪಟ್ಟಿಯಲ್ಲಿ 15ರ ಹೆಸರಿಗೆ ಬೀಳುತ್ತದೆ. ಮನೆಯ ಮಳೆಮಾಪಕದ ಲೆಕ್ಕ ತಾಳೆಯಾಗದಿದ್ದರೆ ಮೊದಲು ಇದನ್ನೇ ನೋಡಿ.

ಎಚ್ಚರಿಕೆಯ ಬಣ್ಣ ಸುಲಭ: ಹಳದಿ ಕಣ್ಣಿಡಿ, ಕಿತ್ತಳೆ ಸಿದ್ಧರಾಗಿ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ.

ನನಗೆ ಹೆಚ್ಚು ಉಪಯೋಗಕ್ಕೆ ಬರುವ ಒಳದಾರಿ: ಸಂಖ್ಯೆಗಿಂತ ಮೊದಲು ಗಾಳಿಯ ದಿಕ್ಕು. ಗಾಳಿ ಪಡುವಣದ್ದಾದರೆ ಮುಂಗಾರಿನ ಚಾಳಿ: ಮಳೆ ಕಡಲ ಕಡೆಯಿಂದ, ಹಗಲು ರಾತ್ರಿ ಎನ್ನದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಈ ಗಾಳಿ ಬಿರುಸಾಗುತ್ತದೆ. ಕುಸಿತ ಒಡಿಶಾ–ಆಂಧ್ರ ತೀರದಲ್ಲಿದ್ದರೂ ಉಡುಪಿಯಲ್ಲಿ ಛತ್ರಿ ಬಿಚ್ಚಬೇಕಾಗುವುದು ಅದಕ್ಕೇ. ಗಾಳಿ ಮೂಡಣಕ್ಕೆ ತಿರುಗಿದರೆ ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಘಟ್ಟದ ಮೇಲೆ ಮೋಡದ ಗೋಪುರ, ಸಂಜೆ ಗುಡುಗು ಸಿಡಿಲು. ಅಂಥ ದಿನ ಭತ್ತದ ಕೊಯ್ಲು, ಅಡಿಕೆ ತೋಟಕ್ಕೆ ಬೋರ್ಡೋ (ಮೈಲುತುತ್ತು–ಸುಣ್ಣದ ದ್ರಾವಣ) ಸಿಂಪಡಣೆ ಎರಡನ್ನೂ ಮಧ್ಯಾಹ್ನದೊಳಗೆ ಮುಗಿಸಬಹುದು. ಪಡುವಣ ಗಾಳಿಯ ದಿನ ಆ ಭರವಸೆ ಇಲ್ಲ: ಗೊನೆಯ ಮೇಲೆ ದ್ರಾವಣ ಆರುವ ಮೊದಲೇ ಮಳೆ ಬಂದರೆ ಮೈಲುತುತ್ತು, ಸುಣ್ಣ, ಕೂಲಿ ಮೂರೂ ತೊಳೆದುಹೋಗುತ್ತವೆ.

ದೋಣಿಯವರಿಗೆ ಮಳೆಯ ಸಾಲಿಗಿಂತ ಮೀನುಗಾರರ ಎಚ್ಚರಿಕೆಯ ಸಾಲು ಮುಖ್ಯ. ‘ಗಂಟೆಗೆ 45–55 ಕಿ.ಮೀ., ಆಗಾಗ 65’ ಎಂದಿದ್ದರೆ ಕೊನೆಯ ಅಂಕಿಯನ್ನೇ ಹಿಡಿಯಿರಿ, ಅದು ಬೀಸುವ ಗಾಳಿಯ ಹೊಡೆತ. ಗಾಳಿಯನ್ನು ನಾಟ್‌ನಲ್ಲಿ (ಕಡಲಿನವರ ವೇಗದ ಅಳತೆ) ಕೊಟ್ಟಿದ್ದರೆ ಕಿ.ಮೀ.ಗೆ ತರಲು ದುಪ್ಪಟ್ಟು ಮಾಡಿ ಹತ್ತನೇ ಒಂದು ಭಾಗ ಕಳೆಯಿರಿ: 30 ನಾಟ್, 60ರಲ್ಲಿ 6 ಕಳೆದರೆ 54, ನಿಜವಾದ ಲೆಕ್ಕ 55.6.