ದಿನಾ ನೀರು ಹಾಕಿದರೂ ಮನೆಯೊಳಗಿನ ಗಿಡ ಒಣಗೋದು ಯಾಕೆ?

ಪ್ರಶ್ನೆ: ನಮ್ಮದು ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲಾಟ್. ಹಾಲ್‌ನಲ್ಲಿ ಒಂದು ಪೀಸ್ ಲಿಲಿ, ಒಂದು ಅರೆಕಾ ಪಾಮ್, ಟಿವಿ ಪಕ್ಕ ಒಂದು ಮನಿ ಪ್ಲಾಂಟ್ ಇದೆ. ದಿನಾ ಬೆಳಿಗ್ಗೆ ತಪ್ಪದೆ ಒಂದೊಂದು ಲೋಟ ನೀರು ಹಾಕುತ್ತೇನೆ. ಆದರೂ ಪೀಸ್ ಲಿಲಿ ಜೋತುಬಿದ್ದಿದೆ, ಪಾಮಿನ ಎಲೆ ತುದಿಯೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಇನ್ನೂ ಜಾಸ್ತಿ ನೀರು ಹಾಕಬೇಕಾ?

ಉತ್ತರ: ಬೇಡ. ನಾಳೆ ಆ ಲೋಟದ ನೀರನ್ನು ನೀವೇ ಕುಡಿದುಬಿಡಿ.

ಇದನ್ನು ಕೇಳುವವರಲ್ಲಿ ಗಿಡವನ್ನು ಮರೆತವರು ಕಡಿಮೆ, ಮುದ್ದು ಮಾಡಿದವರೇ ಜಾಸ್ತಿ. ಎಲೆ ಬಾಡಿತು ಅಂದ ಕೂಡಲೇ ಬಾಯಾರಿಕೆ ಅಂದುಕೊಳ್ಳುತ್ತೇವೆ. ಎಲೆ ಹೇಳುತ್ತಿರೋದು ಇಷ್ಟೇ: ನನ್ನವರೆಗೆ ನೀರು ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಅನ್ನೋದನ್ನು ನಾವೇ ಮಣ್ಣು ಕೆದಕಿ ನೋಡಬೇಕು. ಬೇರಿನ ಹತ್ತಿರ ನೀರೇ ಇಲ್ಲದಿರಬಹುದು. ಇಲ್ಲವೇ ನೀರು ಬೇಕಾದಷ್ಟಿದ್ದು, ಅದನ್ನು ಎಳೆದುಕೊಳ್ಳುವ ಬೇರೇ ಕೊಳೆತಿರಬಹುದು. ಎರಡರಲ್ಲೂ ಎಲೆ ಬಾಡೋದು ಒಂದೇ ಥರ.

ಮೊದಲನೇದನ್ನು ನಾನು ಒಂದು ಪೀಸ್ ಲಿಲಿ ಕಳೆದುಕೊಂಡು ಕಲಿತೆ. ನರ್ಸರಿಯಿಂದ ತಂದ ಗಿಡ. ಕಪ್ಪು ಕವರ್ ಹರಿದು, ಕೆಮ್ಮಣ್ಣಿನ ಹೆಂಟೆ ಸಮೇತ ದೊಡ್ಡ ಕುಂಡದಲ್ಲಿಟ್ಟೆ. ಸುತ್ತ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಎಲ್ಲ ತುಂಬಿದೆ. ನಿಮ್ಮ ಹಾಗೇ ದಿನಾ ಒಂದು ಲೋಟ. ಎರಡು ತಿಂಗಳಿಗೆ ಗಿಡ ಸೊರಗಿಹೋಯಿತು. ಬೇಜಾರಲ್ಲಿ ಕುಂಡ ಬೋರಲು ಹಾಕಿದರೆ, ಸುತ್ತಲಿನ ಕೋಕೋಪೀಟ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ನಡುವಿನ ಹೆಂಟೆಯನ್ನು ನೆಲಕ್ಕೆ ಕುಟ್ಟಿ ಒಡೆದೆ. ಒಳಗೆ ಇಟ್ಟಿಗೆ ಪುಡಿಯಂಥ ಒಣ ಧೂಳು! ಬೇರೆಲ್ಲ ಇದ್ದದ್ದು ಅದೇ ಧೂಳಲ್ಲಿ. ಸುತ್ತ ಕೆಸರಿಟ್ಟುಕೊಂಡು ನನ್ನ ಗಿಡ ನೀರಿಲ್ಲದೆ ಸತ್ತಿತ್ತು.

ನರ್ಸರಿಯವರು ಕೆಮ್ಮಣ್ಣು ಹಾಕುವುದರಲ್ಲಿ ತಪ್ಪೇನಿಲ್ಲ. ಭಾರ ಇರುತ್ತದೆ, ಗಿಡ ನೆಟ್ಟಗೆ ನಿಲ್ಲುತ್ತದೆ, ಲಾರಿಯಲ್ಲಿ ಕುಲುಕಾಡಿದರೂ ಮಣ್ಣು ಉದುರುವುದಿಲ್ಲ. ಆದರೆ ಅದರಲ್ಲಿ ಜೇಡಿ ಜಾಸ್ತಿ. ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಮೇಲಿಂದ ಸುರಿದ ನೀರು ಅದರೊಳಗೆ ಇಂಗುವ ಮೊದಲೇ ಪಕ್ಕದ ಸಂದಿಯಲ್ಲಿ ಜಾರಿ, ಕೆಳಗಿನ ತಟ್ಟೆಗೆ ಬಂದುಬಿಡುತ್ತದೆ. ತಟ್ಟೆ ತುಂಬಿತು, ಗಿಡ ಕುಡಿಯಿತು ಅಂತ ನಾವು ಖುಷಿಪಡುತ್ತೇವೆ. ಕೋಕೋಪೀಟ್ ಕೂಡ ಪೂರ್ತಿ ಒಣಗಿದರೆ ಇದೇ ಕತೆ.

ನಿಮ್ಮ ಗಿಡದ್ದು ಯಾವ ತೊಂದರೆ ಅಂತ ತಿಳಿಯಲು ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಳ್ಳಿ. ಕುಂಡದ ಅಂಚಿನಲ್ಲಲ್ಲ, ಕಾಂಡದ ಹತ್ತಿರ ನಿಧಾನವಾಗಿ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಮೆತ್ತಿಕೊಂಡು ಒದ್ದೆಯಾಗಿ ಬಂದರೆ ನೀರಿದೆ. ಒಣಗಿ ಬಂದರೆ ಇಲ್ಲ. ಕಡ್ಡಿ ಇಳಿಯದೆ ಬಾಗಿ ಮುರಿದರೆ ಅದೂ ಉತ್ತರವೇ! ಒಳಗೆ ಗಟ್ಟಿ ಹೆಂಟೆ ಕೂತಿದೆ ಅಂತ ಅರ್ಥ. ಜೊತೆಗೆ ಕುಂಡವನ್ನು ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಣಗಿದ ಕುಂಡದ ಭಾರ, ನೀರು ಕುಡಿದ ಕುಂಡದ ಭಾರ ನಾಲ್ಕು ಸಲಕ್ಕೆ ಕೈಗೆ ಗೊತ್ತಾಗಿಬಿಡುತ್ತದೆ.

ಒಳಗೆ ಒಣಗಿದ್ದರೆ ಮೇಲಿಂದ ಸುರಿಯಬೇಡಿ. ಒಂದು ಟಬ್ ಅಥವಾ ಬಕೆಟ್‌ನಲ್ಲಿ ನೀರು ತುಂಬಿ, ಕುಂಡದ ಮುಕ್ಕಾಲು ಭಾಗ ಮುಳುಗುವಂತೆ ಇಡಿ. ಮಣ್ಣಿನಿಂದ ಗುಳ್ಳೆ ಏಳುತ್ತದೆ. ಆ ಗುಳ್ಳೆ ನಿಂತು, ಮೇಲ್ಮಣ್ಣು ಒದ್ದೆಯಾಗಿ ಕಪ್ಪಾಗುವ ತನಕ ಬಿಡಿ. ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಆಮೇಲೆ ಬಚ್ಚಲಲ್ಲಿಟ್ಟು ನೀರು ಪೂರ್ತಿ ಬಸಿಯಲು ಬಿಡಿ. ಪೀಸ್ ಲಿಲಿ ಬರೀ ಬಾಯಾರಿ ಬಿದ್ದಿದ್ದರೆ ಸಂಜೆಯೊಳಗೆ ಎದ್ದು ಕೂರುತ್ತದೆ. ಸ್ವಲ್ಪ ನಾಟಕದ ಗಿಡ ಅದು. ಮುಂದಿನ ಸಲ ಕುಂಡ ಬದಲಿಸುವಾಗ ಹೆಂಟೆಯನ್ನು ನೀರಲ್ಲಿ ನೆನೆಸಿ, ಹೊರಗಿನ ಮಣ್ಣನ್ನು ಬೆರಳಲ್ಲಿ ಸಡಿಲಿಸಿ ಉದುರಿಸಿ. ಬೇರು ಹರಿಯದಂತೆ ಎಷ್ಟಾಗುತ್ತೋ ಅಷ್ಟು.

ಇನ್ನು ಕಡ್ಡಿ ಒದ್ದೆ, ಕುಂಡ ಭಾರ, ಆದರೂ ಎಲೆ ಜೋತುಬಿದ್ದಿದೆ ಅಂದರೆ ಕೊಳೆತ ಅಂತ ಅನುಮಾನ ಪಡಿ. ಬೇರಿಗೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಅದಕ್ಕೆ ಆಮ್ಲಜನಕ ಸಾಲುವುದಿಲ್ಲ. ಬೇರು ಸಾಯುತ್ತದೆ, ಸತ್ತ ಬೇರಿಗೆ ರೋಗ ಹತ್ತುತ್ತದೆ. ಗಿಡ ಎತ್ತಿ ಮೂಸಿ ನೋಡಿ. ಚರಂಡಿ ವಾಸನೆ ಬಂದರೆ, ಬೇರನ್ನು ಹಿಡಿದೆಳೆದಾಗ ಸಿಪ್ಪೆ ಕಳಚಿ ಬರೀ ದಾರ ಕೈಗೆ ಬಂದರೆ, ಕೊಳೆತದ್ದೇ. ಅಂಥ ಬೇರನ್ನು ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ, ಚಿಕ್ಕ ಕುಂಡಕ್ಕೆ ಹಾಕಿ. ಗೊಬ್ಬರ ಬೇಡ. ಮನಿ ಪ್ಲಾಂಟ್ ಆದರೆ ಸುಮ್ನೆ ಗೆಣ್ಣಿರುವ ನಾಲ್ಕು ತುಂಡು ಕತ್ತರಿಸಿ ಬಾಟಲಿ ನೀರಲ್ಲಿಟ್ಟುಬಿಡಿ, ಬೇರು ಬರುತ್ತದೆ.

ಒಂದು ವಿಷಯ ನೀವು ಹೇಳಿಲ್ಲ. ಆ ಕುಂಡಗಳಿಗೆ ಅಡಿಯಲ್ಲಿ ತೂತಿದೆಯಾ? ಚೆಂದ ಕಾಣುವ ಪಿಂಗಾಣಿ ಕುಂಡಗಳಿಗೆ ಎಷ್ಟೋ ಸಲ ಇರುವುದಿಲ್ಲ. ಅಡಿಗೆ ಜಲ್ಲಿ ಹಾಕಿದ್ದೀವಲ್ಲ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ಆ ಜಲ್ಲಿ ಕೆಸರನ್ನು ಬೇರಿಗೆ ಇನ್ನಷ್ಟು ಹತ್ತಿರ ತರುತ್ತದೆ, ಅಷ್ಟೇ. ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ಬೆಳೆಸಿ, ಅದನ್ನು ಪಿಂಗಾಣಿಯೊಳಗೆ ಇಳಿಬಿಡಿ.

ದಿನಕ್ಕೊಂದು ಲೋಟ ಅನ್ನೋ ಲೆಕ್ಕವನ್ನೇ ಬಿಡಿ. ಗಿಡ ಎಷ್ಟು ಕುಡಿಯುತ್ತದೆ ಅನ್ನೋದರಲ್ಲಿ ಬೆಳಕಿನ ಪಾಲು ದೊಡ್ಡದು. ಕಿಟಕಿ ಪಕ್ಕದ ಮನಿ ಪ್ಲಾಂಟ್ ಮತ್ತು ಟಿವಿ ಪಕ್ಕದ ಮನಿ ಪ್ಲಾಂಟ್ ಒಂದೇ ಥರ ಕುಡಿಯಲ್ಲ. ಬೆಂಗಳೂರಲ್ಲಿ ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ, ಫ್ಯಾನ್ ಕೆಳಗೆ, ನಮ್ಮನೆ ಪಾಮ್ ವಾರಕ್ಕೆ ಎರಡು ಸಲ ಕೇಳುತ್ತದೆ. ಜುಲೈನ ಮೋಡದಲ್ಲಿ ಹತ್ತು ದಿನವಾದರೂ ಮಣ್ಣು ಒದ್ದೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್‌ಗಳು ಎಲೆಯಲ್ಲೋ ಗೆಡ್ಡೆಯಲ್ಲೋ ನೀರು ಕೂಡಿಟ್ಟುಕೊಂಡಿರುತ್ತವೆ, ಎರಡು ವಾರ ಮುಟ್ಟದಿದ್ದರೂ ನಡೆಯುತ್ತದೆ. ಎಲೆ ಮೇಲೆ ಸ್ಪ್ರೇ ಮಾಡೋದು ನಮ್ಮ ಸಮಾಧಾನಕ್ಕೆ. ನಿಮಿಷಗಳಲ್ಲಿ ಆರಿಹೋಗುತ್ತದೆ.

ಈಗ ಪಾಮಿನ ತುದಿ. ಬೋರ್‌ವೆಲ್ ನೀರು ಹಾಕುತ್ತಿದ್ದರೆ ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆಯಾ ನೋಡಿ. ನೀರು ಆವಿಯಾಗಿ, ಲವಣ ಮಣ್ಣಲ್ಲೇ ಉಳಿದು, ಎಲೆ ತುದಿ ಸುಡುತ್ತದೆ. ಆರ್‌ಓ ಫಿಲ್ಟರ್‌ನ ವೇಸ್ಟ್ ನೀರನ್ನು ಉಳಿತಾಯ ಅಂತ ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣ ನಲ್ಲಿ ನೀರಿಗಿಂತಲೂ ಜಾಸ್ತಿ. ನೆಲ ಒರೆಸಲು ಬಳಸಿ, ಪಾಮಿಗೆ ಬೇಡ. ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಕಾವೇರಿ ನೀರನ್ನೋ ಮಳೆ ನೀರನ್ನೋ ಅಡಿಯಿಂದ ಧಾರಾಳವಾಗಿ ಹರಿದುಹೋಗುವಂತೆ ಹಾಕಿ. ಮಣ್ಣಲ್ಲಿ ಕೂತ ಲವಣ ತೊಳೆದುಹೋಗುತ್ತದೆ.

ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ. ಬೇಕಾದರೆ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ. ನೀವು ಕಾಯಬೇಕಾದ್ದು ನಡುವಿನಿಂದ ಬರುವ ಹೊಸ ಸುಳಿಗೆ. ಅದು ತುದಿ ತನಕ ಹಸಿರಾಗಿ ಬಿಚ್ಚಿಕೊಂಡರೆ ಕೆಳಗೆ ಬೇರು ಸರಿಹೋಗಿದೆ.